ಕರ್ಪಾಸವೂ ಕರ್ಪಸ್ಸೂ

ಗೌರೀಹಬ್ಬವು ಸಮೀಪಿಸಿತೆಂದರೆ ನಮ್ಮ ಹನಗೋಡಿನ ಮನೆಗಳಲ್ಲಿ ಹೆಂಗಸರು ಅರಳೆಯನ್ನು ಬಿಡಿಸಿ, ಗೆಜ್ಜೆವಸ್ತ್ರಗಳನ್ನೂ ಹೂಬತ್ತಿಗಳನ್ನೂ ಮಾಡತೊಡಗುವರು. ದೇವರ ವಸ್ತ್ರಕ್ಕೂ ಹತ್ತಿ, ದೇವರ ದೀಪಕ್ಕೂ ಹತ್ತಿ. ವಿಪ್ರನ ಯಜ್ಞೋಪವೀತವು ಹತ್ತಿಯದಾಗಿರಬೇಕೆಂದು ಮನುಸ್ಮೃತಿಯ ಎರಡನೆಯ ಅಧ್ಯಾಯವು ವಿಧಿಸುತ್ತದೆ. ಈ ಹತ್ತಿಗೆ ಸಂಸ್ಕೃತದಲ್ಲಿ ‘ಕರ್ಪಾಸ’ವೆಂದು ಹೆಸರು. ಇದೇ ಶಬ್ದವು ಯೆಹೂದ್ಯರ ಪವಿತ್ರಗ್ರಂಥದಲ್ಲಿಯೂ ಒಂದೇ ಒಂದು ಕಡೆಯಲ್ಲಿ ಬಂದಿರುವುದನ್ನು ನಮ್ಮಲ್ಲಿ ಅನೇಕರು ಅರಿಯರು.

ಆ ಗ್ರಂಥದ ಭಾಷೆ ಹೀಬ್ರೂ. ಕ್ರೈಸ್ತರು ಅದನ್ನು ಹಳೆಯ ಒಡಂಬಡಿಕೆಯೆಂದು ಕರೆಯುವರು. ಅದರಲ್ಲಿ ಎಸ್ತೇರಳೆಂಬ ರಾಣಿಯ ಕಥೆಯುಂಟು. ಪಾರಸೀಕರ ದೊರೆಯಾದ ಅಹಷ್ವೇರೋಷನು ಶೂಷನ್ ನಗರದಲ್ಲಿ ಮಹಾ ಔತಣವನ್ನು ಮಾಡಿಸುತ್ತಾನೆ. ಅರಮನೆಯ ಅಂಗಳದಲ್ಲಿ ಅಮೃತಶಿಲೆಯ ಕಂಬಗಳಿಗೂ ಬೆಳ್ಳಿಯ ಬಳೆಗಳಿಗೂ ಕಟ್ಟಿದ ತೆರೆಗಳನ್ನು ವರ್ಣಿಸುವಾಗ ‘ಕರ್ಪಸ್’ ಎಂಬ ಶಬ್ದವು ಬರುತ್ತದೆ. ಅದೇ ಅಧ್ಯಾಯದ ಮೊದಲ ವಾಕ್ಯದಲ್ಲಿ, ಈ ದೊರೆಯು ‘ಹೋದು’ ಮೊದಲ್ಗೊಂಡು ಕೂಷ್ ದೇಶದ ವರೆಗೆ 127 ಸಂಸ್ಥಾನಗಳನ್ನು ಆಳುತ್ತಿದ್ದನೆಂದು ಹೇಳಿದೆ. ಹೋದು ಎಂದರೆ ನಮ್ಮ ದೇಶವೇ. ‘ಸಿಂಧು’ವು ಪಾರಸೀಕರ ಬಾಯಲ್ಲಿ ‘ಹಿಂದು’ವಾಗಿ, ಹೀಬ್ರೂವಿನಲ್ಲಿ ‘ಹೋದು’ ಆಯಿತು. ಇಸ್ರೇಲಿನವರು ಇಂದಿಗೂ ಭಾರತವನ್ನು ಕರೆಯುವುದು ಈ ಹೆಸರಿನಿಂದಲೇ.

ಧ್ವನಿಸಾಮ್ಯವೊಂದನ್ನೇ ನೆಚ್ಚಿ ಎರಡು ಶಬ್ದಗಳಿಗೆ ನಂಟನ್ನು ಕಟ್ಟುವುದು ವ್ಯಾಕರಣವನ್ನು ಓದಿದವನಿಗೆ ತಕ್ಕುದಲ್ಲ. ಆದರೆ ಇಲ್ಲಿ ಅರ್ಥವೂ ಹೊಂದುತ್ತದೆ, ಶಬ್ದವು ಹೋದ ದಾರಿಯೂ ಕಾಣುತ್ತದೆ. ಪಾರಸೀಕರ ಸಾಮ್ರಾಜ್ಯವು ಸಿಂಧೂತೀರವನ್ನು ಮುಟ್ಟಿತ್ತು. ಹಿಂದೂದೇಶದ ಗಿಡಗಳಲ್ಲಿ ಉಣ್ಣೆಯು ಬೆಳೆಯುತ್ತದೆಂದು ಗ್ರೀಕರ ಹೆರೊಡೊಟಸನು ಕ್ರಿಸ್ತಪೂರ್ವ 5ನೆಯ ಶತಮಾನದಲ್ಲಿಯೇ ಬೆರಗುಪಟ್ಟು ಬರೆದನು. ಸರಕಿನೊಡನೆ ಹೆಸರೂ ಪ್ರಯಾಣಮಾಡಿತು. ಗ್ರೀಕಿನ ‘ಕಾರ್ಪಸೊಸ್’, ಲ್ಯಾಟಿನ್ನಿನ ‘ಕಾರ್ಬಸುಸ್’ ಇವೂ ಅದರ ಬಳಗವೇ. ಸಂಸ್ಕೃತವೂ ಈ ಶಬ್ದವನ್ನು ಬೇರೊಂದು ದೇಶಭಾಷೆಯಿಂದ ಪಡೆದಿರಬಹುದೆಂದು ಕೆಲವು ಪಂಡಿತರು ಹೇಳುವರು; ಹಾಗಿದ್ದರೂ ಅದು ಈ ಮಣ್ಣಿನದೇ.

ಹೀಗಿದ್ದರೂ 1611ರ ಇಂಗ್ಲಿಷ್ ಭಾಷಾಂತರಕಾರರು ಈ ಶಬ್ದಕ್ಕೆ ‘ಹಸುರು ಬಣ್ಣ’ವೆಂದು ಅರ್ಥಮಾಡಿದರು. ಮುಂದಿನ ಕಾಲದ ಹೀಬ್ರೂವಿನಲ್ಲಿ ‘ಕರ್ಪಸ್’ ಎಂಬ ಇನ್ನೊಂದು ಶಬ್ದವುಂಟು. ಅದು ಒಂದು ಬಗೆಯ ಹಸುರು ಸೊಪ್ಪಿನ ಹೆಸರು. ಅದರ ಮೂಲವೇ ಬೇರೆ. ಧ್ವನಿ ಒಂದು, ವಸ್ತು ಎರಡು. ನಮ್ಮ ಆಲಂಕಾರಿಕರು ಶ್ಲೇಷವೆನ್ನುವುದಕ್ಕೆ ಇದು ನೆಲೆಯಾಯಿತು.

ಈ ಸೊಪ್ಪಿಗೆ ಯೆಹೂದ್ಯರ ಮನೆಗಳಲ್ಲಿ ಬಹಳ ಗೌರವ. ಐಗುಪ್ತದ ದಾಸ್ಯದಿಂದ ತಮ್ಮ ಹಿರಿಯರು ಬಿಡುಗಡೆ ಹೊಂದಿದುದನ್ನು ಅವರು ವರ್ಷಕ್ಕೊಮ್ಮೆ ಪಸ್ಕಹಬ್ಬದ ರಾತ್ರಿಯಲ್ಲಿ ಸ್ಮರಿಸುವರು. ಊಟಕ್ಕೆ ಮುಂಚೆ ಮನೆಯವರೆಲ್ಲರೂ ಕೈ ತೊಳೆದು, ಈ ಸೊಪ್ಪಿನ ಚೂರನ್ನು ಉಪ್ಪುನೀರಿನಲ್ಲಿ ಅದ್ದಿ ತಿನ್ನುವರು. ಉಪ್ಪುನೀರು ದಾಸರ ಕಣ್ಣೀರಿನ ಗುರುತು. ಊಟಕ್ಕೆ ಮೊದಲೇ ಸೊಪ್ಪನ್ನು ಅದ್ದುವುದೇಕೆಂದು ಮಕ್ಕಳು ಬೆರಗಾಗಿ ಕೇಳಬೇಕು; ಕೇಳಿದಾಗ ಹಿರಿಯರು ಕಥೆಯನ್ನು ಹೇಳಬೇಕು. ಇದು ಆ ವಿಧಿಯ ಉದ್ದೇಶ.

ಆ ಕಥೆಗೂ ಎಸ್ತೇರಳ ಅರಮನೆಯ ಹತ್ತಿಗೂ ಸಂಬಂಧವನ್ನು ಕಲ್ಪಿಸಿದವರು ವ್ಯಾಖ್ಯಾನಕಾರರು. ಯಾಕೋಬನಿಗೆ ಹಲವರು ಗಂಡುಮಕ್ಕಳು. ಅವರಲ್ಲಿ ಯೋಸೇಫನ ಮೇಲೆ ಮಾತ್ರ ಅವನಿಗೆ ಹೆಚ್ಚಿನ ಮಮತೆ. ಅವನೊಬ್ಬನಿಗೇ ಅಂದವಾದ ನಿಲುವಂಗಿಯನ್ನು ಮಾಡಿಸಿಕೊಟ್ಟನು. ಅಣ್ಣಂದಿರು ಹೊಟ್ಟೆಕಿಚ್ಚಿನಿಂದ ಯೋಸೇಫನನ್ನು ಮಾರಿ, ಆ ಅಂಗಿಯನ್ನು ಹೋತದ ರಕ್ತದಲ್ಲಿ ಅದ್ದಿ ತಂದೆಗೆ ತೋರಿಸಿದರು. ಯೋಸೇಫನು ಐಗುಪ್ತವನ್ನು ಸೇರಿದನು. ಕಾಲಾಂತರದಲ್ಲಿ ಕುಲವೆಲ್ಲವೂ ಅಲ್ಲಿಗೆ ಹೋಗಿ ದಾಸ್ಯಕ್ಕೆ ಸಿಕ್ಕಿತು. 1105ರಲ್ಲಿ ತೀರಿಕೊಂಡ, ರಾಷಿ ಎಂದು ಪ್ರಸಿದ್ಧನಾದ ಫ್ರಾನ್ಸ್ ದೇಶದ ಪಂಡಿತನು ಆ ಅಂಗಿಯ ಬಟ್ಟೆ ಯಾವುದೆಂದು ವಿವರಿಸುವಾಗ ಎಸ್ತೇರಳ ಕಥೆಯ ‘ಕರ್ಪಸ್’ ಶಬ್ದವನ್ನೇ ಉದಾಹರಿಸಿದನು. ಇದನ್ನು ಹಿಡಿದು ಅನಂತರದವರು, ಸೊಪ್ಪನ್ನು ಅದ್ದುವುದೆಂದರೆ ಆ ಅಂಗಿಯನ್ನು ಅದ್ದಿದುದರ ಸ್ಮರಣೆ ಎಂದರು. ಶಬ್ದಶಾಸ್ತ್ರವು ಇದನ್ನು ಒಪ್ಪದು. ಧರ್ಮದ ದೃಷ್ಟಿಯೋ ಬೇರೆ: ಪರರು ಮಾಡಿದ ಅನ್ಯಾಯವನ್ನು ನೆನೆಯುವ ರಾತ್ರಿಯಲ್ಲಿ, ಮೊದಲ ಅನ್ಯಾಯವು ತಮ್ಮ ಮನೆಯೊಳಗೇ ಹುಟ್ಟಿತೆಂಬುದನ್ನು ಮರೆಯಬಾರದು.

ಈ ಧರ್ಮವನ್ನು ಬಲ್ಲವನೊಬ್ಬನು ನಮ್ಮ ಕರಾವಳಿಯಲ್ಲಿಯೂ ಬಾಳಿದ್ದನು. ಆಫ್ರಿಕದ ಉತ್ತರತೀರದಲ್ಲಿರುವ ಮಹದಿಯಾ ಪಟ್ಟಣದಿಂದ ಬಂದ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದ್ಯ ವರ್ತಕನು 1132ರ ಹೊತ್ತಿಗೆ ಮಂಗಳೂರಿನಲ್ಲಿ ನೆಲೆಸಿ, ಆಶು ಎಂಬ ಈ ನಾಡಿನ ಹೆಣ್ಣಿನೊಡನೆ ಸಂಸಾರ ಹೂಡಿದನು. ಅವನ ಕಾಗದಪತ್ರಗಳು ಕೈರೋವಿನ ಪ್ರಾರ್ಥನಾಮಂದಿರದ ಹಳೆಯ ಕಾಗದಗಳ ರಾಶಿಯಲ್ಲಿ ಉಳಿದುಬಂದಿವೆ. 1148ರಲ್ಲಿ ಮಹದಿಯಾ ಶತ್ರುವಶವಾಗಿ ಅವನ ಒಡಹುಟ್ಟಿದವರು ದಿಕ್ಕುಗೆಟ್ಟರು. ಮರುವರ್ಷ ಏಡನ್ನಿಗೆ ಹಿಂತಿರುಗಿದ ಅವನು, ತಾನು ಗಳಿಸಿದುದು ಎಲ್ಲರ ಬಾಳಿಗೂ ಸಾಕೆಂದು ತಮ್ಮಂದಿರಿಗೆ ಬರೆದನು. ಅವರಲ್ಲಿ ಮುಬಶ್ಶಿರನು ಅಣ್ಣನಿಗೇ ಸಾವಿರ ದೀನಾರುಗಳನ್ನು ವಂಚಿಸಿದನು. ಆದರೂ ಅಬ್ರಹಾಮನು ಒಡಹುಟ್ಟಿದವರ ನಂಟನ್ನು ಕಡಿದುಕೊಳ್ಳಲಿಲ್ಲ. ಮತ್ತೊಬ್ಬ ತಮ್ಮನಾದ ಯೂಸುಫನ ಮಗನಿಗೇ ತನ್ನ ಮಗಳನ್ನು ಗೊತ್ತುಮಾಡಿದನು. 1156ರಲ್ಲಿ ಆ ವಿವಾಹವು ನಡೆಯಿತು. ಯೂಸುಫ್ ಎಂದರೆ ಯೋಸೇಫನೇ.

ದಾಯಾದಿಗಳ ವ್ಯಾಜ್ಯವಿಲ್ಲದ ಊರು ನಮ್ಮ ಸೀಮೆಯಲ್ಲಿಯೂ ವಿರಳ. ಅವುಗಳಲ್ಲಿ ಎಷ್ಟೋ ವ್ಯಾಜ್ಯಗಳ ಬೇರನ್ನು ಅಗೆದುನೋಡಿದರೆ ದೊರೆಯುವುದು ಭೂಮಿಯಲ್ಲ. ಎಂದೋ ಒಬ್ಬ ಮಗನಿಗೆ ಮಾತ್ರ ದೊರೆತ ಒಂದು ಬಟ್ಟೆ, ಒಂದು ಒಳ್ಳೆಯ ಮಾತು. ಆದಕಾರಣ ಗೃಹಸ್ಥರು ದೀಪಾವಳಿಗೆ ಮಕ್ಕಳಿಗೆ ವಸ್ತ್ರವನ್ನು ಕೊಳ್ಳುವಾಗ ಎಲ್ಲರಿಗೂ ಒಂದೇ ತಾನಿನಲ್ಲಿ ಹರಿಸಿ ತರುವುದು ಲೇಸು.