ಸಣ್ಣ ‘ಬಿ’, ದೊಡ್ಡ ‘ಬಿ’: ಬಾಕ್ಸ್ ಮೇಲಿನ ಅಕ್ಷರ ಏನ್ ಹೇಳತ್ತೆ?

ಇದು ಈ ವಾರದ ಸಂಚಿಕೆಯ ಬರಹ ರೂಪ. ಬಸ್ಸಲ್ಲಿ ಗಲಾಟೆ, ಇಯರ್‌ಫೋನ್ ಸಿಗ್ತಿಲ್ಲ ಅನ್ನೋರು ಓದ್ಕೊಳ್ಳಿ.

ಸೊರಬದ ಕೇಳುಗರೊಬ್ಬರು ಕೇಳಿದ್ರು: “ಮನೆಗೆ 100 ಎಂಬಿಪಿಎಸ್ ಫೈಬರ್ ಹಾಕ್ಸಿದೀವಿ. ಡೌನ್‌ಲೋಡ್ ಮಾತ್ರ 12 ಎಂಬಿ ದಾಟಲ್ಲ. ಇದು ಮೋಸ ಅಲ್ವಾ?”

ಅಲ್ಲ. ಇಂಗ್ಲಿಷಲ್ಲಿ ಸಣ್ಣ ಬಿ ಅಂದ್ರೆ ಬಿಟ್, ಕ್ಯಾಪಿಟಲ್ ಬಿ ಅಂದ್ರೆ ಬೈಟ್. 8 ಬಿಟ್ ಸೇರಿದ್ರೆ 1 ಬೈಟ್. ನೆಟ್ ಕಂಪನಿಗಳು ಮಾರೋದು ಬಿಟ್ ಲೆಕ್ಕದಲ್ಲಿ, ಡೌನ್‌ಲೋಡ್ ಪರದೆ ಸಾಮಾನ್ಯವಾಗಿ ತೋರಿಸೋದು ಬೈಟ್ ಲೆಕ್ಕದಲ್ಲಿ. 100ನ್ನ 8ರಿಂದ ಭಾಗಿಸಿ, 12.5 ಬಂತು. ನಿಮ್ಮ ಲೈನ್ ಸರಿಯಾಗೇ ಇದೆ.

ತೊಂದ್ರೆ ಏನು ಗೊತ್ತಾ? ಕನ್ನಡದಲ್ಲಿ ಕ್ಯಾಪಿಟಲ್ ಅಕ್ಷರವೇ ಇಲ್ಲ. ‘ಎಂಬಿ’ ಅಂತ ಬರೆದ ಕೂಡ್ಲೇ ಆ ವ್ಯತ್ಯಾಸ ಮಾಯ. ಪಾಡ್‌ಕಾಸ್ಟಲ್ಲಂತೂ ಕೇಳೋದೇ ಬೇಡ, ಎರಡೂ ಒಂದೇ ಥರ ಕೇಳತ್ತೆ. ಕೆ.ಪಿ. ರಾವ್ ಅವರ ಕೀಬೋರ್ಡ್ ವಿನ್ಯಾಸದಲ್ಲಿ ಶಿಫ್ಟ್ ಒತ್ತಿದ್ರೆ ‘ಕ’ ಹೋಗಿ ‘ಖ’ ಬರತ್ತೆ. ಅದು ಕಣ್ಣಿಗೂ ಬೇರೆ, ಕಿವಿಗೂ ಬೇರೆ. ಇಂಗ್ಲಿಷ್ ಬಿಗೆ ಆ ಭಾಗ್ಯ ಇಲ್ಲ. ಅದಕ್ಕೇ ನಾನು ಇನ್ಮೇಲೆ ‘ಮೆಗಾಬಿಟ್’, ‘ಮೆಗಾಬೈಟ್’ ಅಂತ ಪೂರ್ತಿ ಹೇಳ್ತೀನಿ.

1 ಟಿಬಿ ಹಾರ್ಡ್ ಡಿಸ್ಕ್ ಹಾಕಿದ್ರೆ ವಿಂಡೋಸ್ 931 ಜಿಬಿ ಅನ್ನೋದೂ ಇಂಥದ್ದೇ ಕಥೆ. ಡಿಸ್ಕ್ ಕಂಪನಿ 1000ದ ಲೆಕ್ಕ ಹಿಡಿಯತ್ತೆ, ವಿಂಡೋಸ್ 1024ರದ್ದು. 1024ರ ಲೆಕ್ಕಕ್ಕೆ ಕಿಬಿ, ಮೆಬಿ, ಗಿಬಿ ಅಂತ ಬೇರೆ ಹೆಸರು 1998ರಲ್ಲೇ ಬಂತು. ವಿಂಡೋಸ್ ಮಾತ್ರ ಇನ್ನೂ ‘ಜಿಬಿ’ ಅಂತಲೇ ಬರೀತದೆ. ಬಿ.ಕಾಂ. ಓದಿದ ನನಗೆ ಇದು ಎರಡು ಪುಸ್ತಕದಲ್ಲಿ ಎರಡು ಲೆಕ್ಕ ಬರೆದ ಹಾಗೆ ಕಾಣತ್ತೆ. ಆದ್ರೆ ಅಂಗಡಿಯವರ ಜೊತೆ ಜಗಳ ಆಡ್ಬೇಡಿ, ಅವರದ್ದೇನೂ ತಪ್ಪಿಲ್ಲ.

ಈಗ ನಿಜವಾಗಿ ದುಡ್ಡು ಸುಡೋ ವಿಷಯ: ಅಡಾಪ್ಟರ್. ಶಿರಾಳಕೊಪ್ಪ ಕಡೆ ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಮಾಡ್ತಾ ಇರತ್ತೆ, ರೂಟರ್ ಅಡಾಪ್ಟರ್ ಸುಟ್ಟೋಗತ್ತೆ. ಪಿನ್ ಕೂರತ್ತೆ ಅಂತ ಮನೇಲಿರೋ ಯಾವುದನ್ನೋ ಚುಚ್ಚೋರೇ ಜಾಸ್ತಿ. ಅದರ ಹಿಂದಿನ ಪುಟ್ಟ ಅಕ್ಷರಗಳನ್ನ ಫೋನ್ ಕ್ಯಾಮೆರಾದಲ್ಲಿ ಜೂಮ್ ಮಾಡಿ ಓದಿ. ಅಲೆ ಥರದ ಗೆರೆ ಇದ್ರೆ ಎಸಿ. ನೇರ ಗೆರೆ, ಅದರ ಕೆಳಗೆ ಮೂರು ತುಂಡು ಗೆರೆ ಇದ್ರೆ ಡಿಸಿ. ಔಟ್‌ಪುಟ್ ವೋಲ್ಟ್ ಹಳೇದರಷ್ಟೇ ಇರ್ಬೇಕು. 12 ವೋಲ್ಟ್ ರೂಟರ್‌ಗೆ ಲ್ಯಾಪ್‌ಟಾಪಿನ 19 ವೋಲ್ಟ್ ಕೊಟ್ರೆ ರೂಟರ್ ಕಥೆ ಮುಗೀತು. ಆಂಪಿಯರ್ ಹೆಚ್ಚಿದ್ರೆ ಪರವಾಗಿಲ್ಲ, ಕಮ್ಮಿ ಇರಬಾರದು. ರೂಟರ್ ತನಗೆ ಬೇಕಾದಷ್ಟೇ ಎಳ್ಕೊಳ್ಳತ್ತೆ. ಪಕ್ಕದಲ್ಲಿ ಪ್ಲಸ್, ಮೈನಸ್ ಹಾಕಿರೋ ವೃತ್ತದ ಚಿತ್ರ ಇರತ್ತೆ. ನಡುವಿನ ಚುಕ್ಕೆಗೆ ಪ್ಲಸ್ ಸೇರಿದ್ರೆ ಪಿನ್ ಒಳಗಡೆ ಪ್ಲಸ್ ಅಂತ ಅರ್ಥ. ಅದೂ ಎರಡರಲ್ಲೂ ಒಂದೇ ಆಗಿರ್ಬೇಕು.

ಮ್ಯಾನುಯಲ್ ಬಗ್ಗೆ ಒಂದೇ ಮಾತು. ಡೆಲ್ ಮ್ಯಾನುಯಲ್‌ಗಳಲ್ಲಿ ‘ನೋಟ್’ ಅಂದ್ರೆ ಉಪಯುಕ್ತ ಮಾಹಿತಿ, ‘ಕಾಷನ್’ ಅಂದ್ರೆ ಯಂತ್ರ ಹಾಳಾಗಬಹುದು ಅಥವಾ ಡೇಟಾ ಹೋಗಬಹುದು, ‘ವಾರ್ನಿಂಗ್’ ಅಂದ್ರೆ ಮೈಗೆ ಪೆಟ್ಟಾಗಬಹುದು, ಜೀವಕ್ಕೂ ಅಪಾಯ ಇರಬಹುದು. ಕನ್ನಡಕ್ಕೆ ತರುವಾಗ ಕೊನೇ ಎರಡನ್ನೂ ‘ಎಚ್ಚರಿಕೆ’ ಅಂತ ಬರೆದ್ರೆ, ರ‍್ಯಾಮ್ ಹಾಳಾಗೋದೂ ಬ್ಯಾಟರಿ ಹೊತ್ತಿಕೊಳ್ಳೋದೂ ಒಂದೇ ತೂಕದ್ದು ಅನ್ಸತ್ತೆ. ನಾನಾಗಿದ್ರೆ ಮೊದಲನೇದಕ್ಕೆ ‘ಜೋಪಾನ’, ಎರಡನೇದಕ್ಕೆ ‘ಅಪಾಯ’ ಅಂತ ಹಾಕ್ತಿದ್ದೆ. ನಿಮಗೆ ಇನ್ನೂ ಒಳ್ಳೆ ಪದ ಹೊಳೆದ್ರೆ ವಾಯ್ಸ್ ನೋಟ್ ಕಳಿಸಿ.