ಫೋನ್ ಹೊಂಡಕ್ಕೆ ಬಿದ್ದರೂ ವ್ಯಾಪಾರ ಮುಳುಗಬಾರದು: ಆನ್‌ಲೈನ್‌ನಲ್ಲಿ ತರಕಾರಿ ಮಾರುವವರಿಗೆ ಬೇಕಾದ ಸಾಧನಗಳು

ಮೂರು ವರ್ಷದ ಹಿಂದಿನ ಮಾತು. ಒಂದು ಗುರುವಾರ ಸಂಜೆ ಕೃಷಿ ಹೊಂಡದ ಪಂಪಿನ ಫುಟ್‌ವಾಲ್ವ್ ನೋಡೋಕೆ ಬಗ್ಗಿದೆ. ಜೇಬಿನಲ್ಲಿದ್ದ ಫೋನ್ ಜಾರಿ ನೀರಿಗೆ ಬಿತ್ತು. 12 ಸಾವಿರದ ಫೋನು, ಹೋದರೆ ಹೋಗಲಿ. ಆದರೆ ಮಾರನೇ ದಿನ ಯಾರ ಮನೆಗೆ ಏನು ತಲುಪಿಸಬೇಕು, ಯಾರು ದುಡ್ಡು ಹಾಕಿದ್ದಾರೆ, ಯಾರದ್ದು ಬಾಕಿ ಅನ್ನೋದೆಲ್ಲ ಅದರೊಳಗೇ ಇತ್ತು. ಪಟ್ಟಿಯಲ್ಲಿ 140 ಮನೆಗಳು. ನಂಬರ್‌ಗಳನ್ನೆಲ್ಲ ಫೋನಿನಲ್ಲೇ ಸೇವ್ ಮಾಡಿದ್ದೆ. ಬ್ಯಾಕಪ್ ಅಂದ್ರೆ ಏನು ಅಂತ ಗೊತ್ತಿತ್ತು, ಮಾಡಿರಲಿಲ್ಲ.

ಆ ಶುಕ್ರವಾರ ಹಳೇ ನೋಟ್‌ಬುಕ್ಕಿನಲ್ಲಿ ಸಿಕ್ಕ 30 ಜನಕ್ಕೆ ಮಾತ್ರ ತರಕಾರಿ ತಲುಪಿತು. ಕೊಯ್ದಿಟ್ಟಿದ್ದ ಉಳಿದ ಮಾಲನ್ನು ತುಮಕೂರು ಮಾರುಕಟ್ಟೆಗೆ ಹಾಕಿ, ಕೊಟ್ಟಷ್ಟು ತಗೊಂಡು ಬಂದೆ. ಅದಕ್ಕಿಂತ ದೊಡ್ಡ ನಷ್ಟ ಆಮೇಲೆ ಗೊತ್ತಾಯ್ತು. ನಾನು ವ್ಯಾಪಾರ ನಿಲ್ಲಿಸಿಬಿಟ್ಟೆ ಅಂದುಕೊಂಡು ಬೇರೆ ಕಡೆ ಹೋದ ಸುಮಾರು 50 ಮನೆಯವರು ವಾಪಸ್ ಬರಲೇ ಇಲ್ಲ.

ನಾನು ಓದಿದ್ದು ಬಿ.ಎಸ್ಸಿ. ತೋಟಗಾರಿಕೆ. ಟೊಮೆಟೊಗೆ ಬರುವ ರೋಗಗಳ ಬಗ್ಗೆ ನಾಲ್ಕು ವರ್ಷ ಓದಿದ್ದೀನಿ, ಗ್ರಾಹಕರ ಪಟ್ಟಿ ಇಟ್ಟುಕೊಳ್ಳೋದು ಹೇಗೆ ಅಂತ ಒಂದು ಗಂಟೆಯೂ ಯಾರೂ ಹೇಳಿಕೊಟ್ಟಿಲ್ಲ. ಅದಕ್ಕೇ ಈ ವಾರ ಬೆಳೆಯ ವಿಷಯ ಬಿಟ್ಟು ಮೊಬೈಲಿನ ವಿಷಯ ಬರೀತಿದ್ದೀನಿ.

ನೇರ ಮಾರಾಟಕ್ಕೆ ಇಳಿದವರು ಮೂರು ಪ್ರಶ್ನೆಗಳಿಗೆ ಯಾವಾಗ ಬೇಕಾದರೂ ಉತ್ತರ ಕೊಡುವಂತಿರಬೇಕು. ಯಾರಿಗೆ ಏನು ಬೇಕು? ಯಾರು ದುಡ್ಡು ಕೊಟ್ಟಿದ್ದಾರೆ? ಕೊನೆಗೆ ನನಗೆ ಉಳಿದದ್ದೆಷ್ಟು? ಈ ಮೂರರಲ್ಲಿ ಒಂದಕ್ಕೂ ಉತ್ತರ ಕೊಡದ ಆ್ಯಪ್ ಸದ್ಯಕ್ಕೆ ನಿಮಗೆ ಬೇಡ.

ವಾಟ್ಸ್‌ಆ್ಯಪ್ ಬಿಸಿನೆಸ್

ಮಾಮೂಲಿ ವಾಟ್ಸ್‌ಆ್ಯಪ್ ಬೇರೆ, ವಾಟ್ಸ್‌ಆ್ಯಪ್ ಬಿಸಿನೆಸ್ ಬೇರೆ. ಇದೂ ಉಚಿತ, ಪ್ಲೇಸ್ಟೋರ್‌ನಲ್ಲಿದೆ. ವ್ಯಾಪಾರಕ್ಕೆ ಅಂತಲೇ ಬೇರೆ ಸಿಮ್ ತಗೊಳ್ಳಿ. ಎರಡು ನಂಬರ್ ಇದ್ದರೆ ಎರಡೂ ಆ್ಯಪ್ ಒಂದೇ ಫೋನಿನಲ್ಲಿ ನಡೆಯುತ್ತವೆ.

ಇದರಲ್ಲಿ ನಾನು ದಿನಾ ಬಳಸೋದು ನಾಲ್ಕು ಸೌಲಭ್ಯ. ಮೊದಲನೆಯದು ಕ್ಯಾಟಲಾಗ್. ತರಕಾರಿಯ ಫೋಟೊ, ಬೆಲೆ, ಅಳತೆ ಹಾಕಿಟ್ಟರೆ ಗ್ರಾಹಕರು ಅಲ್ಲೇ ನೋಡಿಕೊಳ್ತಾರೆ. ‘ಒಂದು ಕಟ್ಟು’ ಅಂತಷ್ಟೇ ಬರೆದರೆ ಜಗಳ ಗ್ಯಾರಂಟಿ. ‘ಒಂದು ಕಟ್ಟು, ಸುಮಾರು 200 ಗ್ರಾಂ’ ಅಂತ ಬರೆಯಿರಿ. ಫೋಟೊ ನಿಮ್ಮ ತೋಟದ್ದೇ ಇರಲಿ. ನೆಟ್‌ನಿಂದ ತೆಗೆದ ಹೊಳೆಯುವ ಪಾಲಕ್ ತೋರಿಸಿ, ಹುಳ ತಿಂದ ಎಲೆ ಕಳಿಸಿದರೆ ಎರಡನೇ ವಾರಕ್ಕೆ ಆ ಗ್ರಾಹಕ ಇರೋದಿಲ್ಲ. ಎಲೆಯಲ್ಲಿ ಒಂದೆರಡು ತೂತು ಇರೋ ಫೋಟೊನೇ ಹಾಕಿ, ಯಾಕೆ ಅಂತ ಒಂದು ಸಾಲು ಬರೆದುಬಿಡಿ.

ಎರಡನೆಯದು ಲೇಬಲ್. ಪ್ರತಿ ಚಾಟ್‌ಗೆ ‘ಹೊಸ ಆರ್ಡರ್’, ‘ಹಣ ಬಾಕಿ’, ‘ತಲುಪಿದೆ’ ಅಂತ ಬಣ್ಣದ ಚೀಟಿ ಅಂಟಿಸಬಹುದು. ಮೂರನೆಯದು ಕ್ವಿಕ್ ರಿಪ್ಲೈ. ವಿಳಾಸ ಕೇಳೋದು, ದರ ಹೇಳೋದು ಇಂಥ ಮಾತನ್ನು ಒಂದು ಸಲ ಬರೆದಿಟ್ಟರೆ, ಓರೆಗೆರೆ ಒತ್ತಿದ ತಕ್ಷಣ ಬಂದುಬಿಡುತ್ತೆ. ಕಳೆ ತೆಗೆಯೋ ಹೊತ್ತಿನಲ್ಲಿ ಮಣ್ಣಿನ ಕೈಯಲ್ಲಿ ಅದೇ ಉತ್ತರವನ್ನು 20 ಸಲ ಟೈಪ್ ಮಾಡೋದು ತಪ್ಪುತ್ತೆ.

ನಾಲ್ಕನೆಯದು ಬ್ರಾಡ್‌ಕಾಸ್ಟ್. ಒಂದು ಪಟ್ಟಿಗೆ 256 ಜನರ ಮಿತಿ ಇದೆ. ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತೆ. ಹಾಗಾಗಿ ಹೊಸ ಗ್ರಾಹಕರಿಗೆ ನಾನು ಮೊದಲು ಹೇಳೋದೇ ‘ನನ್ನ ನಂಬರ್ ಸೇವ್ ಮಾಡ್ಕೊಳ್ಳಿ’ ಅಂತ. ಗ್ರೂಪ್ ಮಾಡೋಕೆ ಹೋಗಬೇಡಿ. ಗ್ರೂಪಿನಲ್ಲಿ ಎಲ್ಲರ ನಂಬರೂ ಎಲ್ಲರಿಗೂ ಕಾಣುತ್ತೆ. ಒಬ್ಬರು ಬಾಡಿದ ಕೊತ್ತಂಬರಿ ಫೋಟೊ ಹಾಕಿದರೆ ಉಳಿದವರೂ ಆರ್ಡರ್ ಮಾಡೋಕೆ ಹಿಂದೆ ಮುಂದೆ ನೋಡ್ತಾರೆ.

ಇಷ್ಟು ಮಾಡಿದ ಮೇಲೆ ಸೆಟ್ಟಿಂಗ್ಸ್‌ಗೆ ಹೋಗಿ, ಚಾಟ್ಸ್ ಒತ್ತಿ, ಚಾಟ್ ಬ್ಯಾಕಪ್‌ನಲ್ಲಿ ‘ಪ್ರತಿದಿನ’ ಆಯ್ಕೆ ಮಾಡಿ. ಇದು ಗೂಗಲ್ ಖಾತೆಯಲ್ಲಿ ಉಳಿಯುತ್ತೆ. ಉಚಿತವಾಗಿ ಸಿಗೋದು 15 ಜಿಬಿ ಜಾಗ, ಆದ್ದರಿಂದ ವಿಡಿಯೊ ಬಿಟ್ಟು ಬ್ಯಾಕಪ್ ಮಾಡಿ. ಹೊಸ ಗ್ರಾಹಕರ ನಂಬರ್ ಸೇವ್ ಮಾಡುವಾಗ ‘ಫೋನ್’ ಅಥವಾ ‘ಸಿಮ್’ ಬದಲು ‘ಗೂಗಲ್ ಖಾತೆ’ ಅಂತ ಆರಿಸಿ. ಈ ಎರಡು ಕೆಲಸ ಮಾಡಿದ್ದಿದ್ದರೆ ನನ್ನ 50 ಮನೆಗಳು ಉಳೀತಿದ್ದವು.

ಗೂಗಲ್ ಫಾರ್ಮ್ ಮತ್ತು ಶೀಟ್

ವಾಟ್ಸ್‌ಆ್ಯಪ್‌ನಲ್ಲಿ ಆರ್ಡರ್ ಬರುತ್ತೆ, ಆದರೆ ಅದು ಕೂಡಿಸಿ ಲೆಕ್ಕ ಹೇಳೋದಿಲ್ಲ. ಒಬ್ಬರು ವಾಯ್ಸ್ ಮೆಸೇಜ್ ಹಾಕ್ತಾರೆ. ಇನ್ನೊಬ್ಬರು ‘ಹೋದ ವಾರದ್ದೇ ಕಳ್ಸಿ’ ಅಂತಾರೆ. ಮೊದಲೆಲ್ಲ ನಾನು ಅಂದಾಜಿನ ಮೇಲೆ ಕೊಯ್ಯುತ್ತಿದ್ದೆ. ಹೆಚ್ಚಾದದ್ದು ಹಸುಗಳಿಗೆ, ಕಮ್ಮಿಯಾದರೆ ಗ್ರಾಹಕರಿಂದ ಮಾತು.

ಈಗ ಪ್ರತಿ ಸೋಮವಾರ ಗೂಗಲ್ ಫಾರ್ಮ್ ಕೊಂಡಿ ಕಳಿಸ್ತೀನಿ. ಅದರಲ್ಲಿ ಹೆಸರು, ಫೋನ್ ನಂಬರ್, ಬಡಾವಣೆ ಅಥವಾ ಅಪಾರ್ಟ್‌ಮೆಂಟ್, ಮನೆ ನಂಬರ್, ಆಮೇಲೆ ಆ ವಾರ ಇರುವ ತರಕಾರಿ ಒಂದೊಂದಾಗಿ. ತುಂಬಿದ್ದೆಲ್ಲ ತಾನಾಗೇ ಗೂಗಲ್ ಶೀಟ್‌ನಲ್ಲಿ ಸಾಲುಸಾಲಾಗಿ ಕೂರುತ್ತೆ.

ಇಲ್ಲಿ ನಾನು ಮಾಡಿದ ತಪ್ಪು ನೀವು ಮಾಡಬೇಡಿ. ಪ್ರಮಾಣ ಬರೆಯೋ ಜಾಗವನ್ನು ಖಾಲಿ ಬಿಟ್ಟಿದ್ದೆ. ಜನ ‘ಅರ್ಧ ಕೆಜಿ’, ‘ಸ್ವಲ್ಪ’, ‘1 ಸಾಕು’ ಅಂತೆಲ್ಲ ಬರೆದರು. ಅಕ್ಷರವನ್ನು ಶೀಟ್ ಕೂಡಿಸೋದಿಲ್ಲ. ಡ್ರಾಪ್‌ಡೌನ್ ಕೊಟ್ಟು 0.5, 1, 2 ಅಂತ ಬರೀ ಅಂಕಿ ಇಡಿ. ಒಟ್ಟು ಮೊತ್ತ ಹಾಕುವ ಸಮ್ ಸೂತ್ರವನ್ನು ಉತ್ತರಗಳು ಬೀಳುವ ಹಾಳೆಯಲ್ಲಿ ಬರೆಯದೆ, ಪಕ್ಕದಲ್ಲಿ ಇನ್ನೊಂದು ಹಾಳೆ ತೆರೆದು ಅಲ್ಲಿ ಬರೆಯಿರಿ. ಇಲ್ಲಾಂದ್ರೆ ಹೊಸ ಆರ್ಡರ್ ಬಂದಾಗ ಲೆಕ್ಕ ತಪ್ಪುತ್ತೆ. ಯಾವ ಅಪಾರ್ಟ್‌ಮೆಂಟಿಗೆ ಎಷ್ಟು ಅಂತ ಬೇಕಿದ್ದರೆ ಸಮ್‌ಇಫ್ ಸೂತ್ರ ಸಾಕು. ಕನ್ನಡದಲ್ಲೇ ಹೇಳಿಕೊಡುವ ವಿಡಿಯೊಗಳು ಯೂಟ್ಯೂಬ್‌ನಲ್ಲಿ ಸಿಗುತ್ತವೆ.

ಬುಧವಾರ ರಾತ್ರಿ 8ಕ್ಕೆ ಫಾರ್ಮ್ ಮುಚ್ಚುತ್ತೀನಿ. ಗುರುವಾರ ಶೀಟ್ ತೆರೆದರೆ ಹುರುಳಿಕಾಯಿ 23 ಕೆಜಿ ಅಂತಿರುತ್ತೆ, 25 ಕೊಯ್ತೀವಿ. ಫಾರ್ಮ್ ತುಂಬಲು ಬಾರದ ಹಿರಿಯರು ಫೋನ್ ಮಾಡಿದರೆ ಅವರ ಪರವಾಗಿ ನಾನೇ ತುಂಬ್ತೀನಿ, ಒಂದು ನಿಮಿಷದ ಕೆಲಸ. ತೋಟದಲ್ಲಿ ನೆಟ್‌ವರ್ಕ್ ಇಲ್ಲದಿದ್ದರೆ ಮನೆಯಲ್ಲೇ ಆ ಶೀಟನ್ನು ‘ಆಫ್‌ಲೈನ್’ ಮಾಡಿಟ್ಟುಕೊಳ್ಳಿ.

ಇನ್ನೊಂದು ಎಚ್ಚರಿಕೆ. ಆ ಶೀಟಿನಲ್ಲಿ ಜನರ ಫೋನ್ ನಂಬರ್, ಮನೆ ವಿಳಾಸ ಇದೆ. ‘ಕೊಂಡಿ ಇದ್ದವರೆಲ್ಲ ನೋಡಬಹುದು’ ಅಂತ ಇಡಬೇಡಿ. ಕೆಲಸಕ್ಕೆ ಬೇಕಾದ ಒಬ್ಬಿಬ್ಬರ ಜಿಮೇಲ್‌ಗೆ ಮಾತ್ರ ಅನುಮತಿ ಕೊಡಿ.

ಯುಪಿಐ: ಸ್ಕ್ರೀನ್‌ಶಾಟ್ ನಂಬಬೇಡಿ

ವ್ಯಾಪಾರಕ್ಕೆ ಬೇರೆ ಬ್ಯಾಂಕ್ ಖಾತೆ ಇಡಿ. ಮನೆ ಖರ್ಚು, ಗೊಬ್ಬರದ ದುಡ್ಡು, ಗ್ರಾಹಕರ ದುಡ್ಡು ಒಂದೇ ಖಾತೆಯಲ್ಲಿ ಕಲಸಿಹೋದರೆ ವರ್ಷದ ಕೊನೆಗೆ ಬಿಡಿಸೋಕಾಗಲ್ಲ. ಗ್ರಾಹಕರು ಹಣ ಹಾಕುವಾಗ ಮನೆ ನಂಬರನ್ನು ಟಿಪ್ಪಣಿಯಲ್ಲಿ ಬರೆಯೋಕೆ ಹೇಳಿ. ಶೀಟಿನಲ್ಲಿ ‘ಹಣ ಬಂದ ದಿನ’, ‘ಮೊತ್ತ’ ಅಂತ ಎರಡು ಕಾಲಂ ಇರಲಿ. ಹಣ ಬಂದಿದೆ ಅಂತ ನಿಮ್ಮ ಖಾತೆ ನೋಡಿ ಗುರುತು ಹಾಕಿ. ಗ್ರಾಹಕರು ಕಳಿಸುವ ಸ್ಕ್ರೀನ್‌ಶಾಟ್ ಪುರಾವೆ ಅಲ್ಲ, ಸುಳ್ಳು ಸ್ಕ್ರೀನ್‌ಶಾಟ್ ಮಾಡೋದು ಸುಲಭ.

ಹೋದ ವರ್ಷ ಒಬ್ಬ ಫೋನ್ ಮಾಡಿ, ಕ್ಯಾಂಟೀನಿಗೆ 100 ಕೆಜಿ ಈರುಳ್ಳಿ ಬೇಕು ಅಂದ. ಚೌಕಾಸಿ ಮಾಡಲೇ ಇಲ್ಲ. ಮುಂಗಡ ಕಳಿಸ್ತೀನಿ ಅಂತ ಒಂದು ಕ್ಯೂಆರ್ ಕೋಡ್ ಕಳಿಸಿ, ‘ಸ್ಕ್ಯಾನ್ ಮಾಡಿ ಪಿನ್ ಹಾಕಿ, ದುಡ್ಡು ಬರುತ್ತೆ’ ಅಂದ. ಬೆರಳು ಪಿನ್ ಮೇಲೇ ಇತ್ತು, ತಂಗಿ ಕಿತ್ತುಕೊಂಡಳು. ಹಣ ಪಡೆಯೋಕೆ ಯುಪಿಐ ಪಿನ್ ಬೇಕಿಲ್ಲ. ಪಿನ್ ಕೇಳಿದರೆ ನಿಮ್ಮ ದುಡ್ಡು ಹೊರಗೆ ಹೋಗ್ತಿದೆ ಅಂತಲೇ ಅರ್ಥ. ಅಕಸ್ಮಾತ್ ಮೋಸ ಹೋದರೆ ನಾಚಿಕೆ ಪಡದೆ ತಕ್ಷಣ 1930ಕ್ಕೆ ಕರೆ ಮಾಡಿ. ತಡವಾದಷ್ಟೂ ಹಣ ತಡೆಯೋದು ಕಷ್ಟ.

ಉಳಿದದ್ದೆಷ್ಟು? ಅಪ್ಪ ಹೇಳಿದ್ದೇ ನಿಜವಾಯ್ತು

ಬೆಂಗಳೂರಿನ ಅಪಾರ್ಟ್‌ಮೆಂಟಿಗೆ ವಾರವಾರ ತರಕಾರಿ ಕಳಿಸ್ತೀನಿ ಅಂತ ನಾನು ಊರಲ್ಲಿ ಜಂಬ ಕೊಚ್ಚಿಕೊಳ್ತಿದ್ದೆ. ಅಪ್ಪ ಮಾತ್ರ ‘ಓಡಾಟವೇ ಆಯ್ತು, ಕೈಗೆ ಏನು ಬಂತು?’ ಅಂತ ಕೇಳೋರು. ಒಂದು ಭಾನುವಾರ ಕೂತು ಖರ್ಚಿನ ಶೀಟ್ ಮಾಡಿದೆ.

ಬೆಂಗಳೂರಿಗೆ 28 ಬುಟ್ಟಿ, ಸರಾಸರಿ 400 ರೂ., ಒಟ್ಟು 11,200 ರೂ. ಖರ್ಚು ನೋಡಿ: ಅದೇ ತರಕಾರಿ ತೋಟದಲ್ಲೇ ಮಾರಿದ್ದರೆ ಸಿಗುತ್ತಿದ್ದ ಬೆಲೆ 5,600. ಅಕ್ಕಪಕ್ಕದ ರೈತರಿಂದ ಕೊಂಡದ್ದು 1,700. ಕೊಯ್ಲು, ಪ್ಯಾಕಿಂಗ್ ಕೂಲಿ 1,200. ಡಬ್ಬ, ಕಾಗದ 420. ಗಾಡಿ, ಡೀಸೆಲ್, ಟೋಲ್ 2,300. ಹಾಳಾಗಿ ವಾಪಸ್ ಕೊಟ್ಟದ್ದು 250. ಕೂಡಿಸಿದರೆ 11,470. ಅಂದ್ರೆ ವಾರಕ್ಕೆ 270 ರೂ. ಕೈಯಿಂದ ಹಾಕಿ, ನನ್ನ ಒಂದು ದಿನವನ್ನೂ ಪುಕ್ಕಟೆ ಕೊಟ್ಟು ಬರ್ತಿದ್ದೆ. ಜಂಬ ಇಲ್ಲದ ತುಮಕೂರಿನ 22 ಬುಟ್ಟಿಯಲ್ಲಿ 1,070 ರೂ. ಉಳೀತಿತ್ತು.

ಬೆಂಗಳೂರು ಬಿಡಲಿಲ್ಲ, ಕ್ರಮ ಬದಲಾಯಿಸಿದೆ. ಹದಿನೈದು ದಿನಕ್ಕೊಮ್ಮೆ, ಪಕ್ಕಪಕ್ಕದ ಎರಡು ಅಪಾರ್ಟ್‌ಮೆಂಟಿಗೆ, ಕನಿಷ್ಠ 45 ಬುಟ್ಟಿ ಆದರೆ ಮಾತ್ರ. ಬುಟ್ಟಿಗೆ 30 ರೂ. ಸಾಗಣೆ ಸೇರಿಸಿದೆ. ಈಗ 19,350 ಬರುತ್ತೆ, 17,075 ಖರ್ಚಾಗುತ್ತೆ, 2,275 ಉಳಿಯುತ್ತೆ. ಗಾಡಿ ಖರ್ಚು ಅಷ್ಟೇ ಇದೆ, ಹಂಚಿಹೋಗುವ ಬುಟ್ಟಿಗಳು ಹೆಚ್ಚಾದವು. ಮಂಡಿ ಬೆಲೆಯನ್ನು ಖರ್ಚಿನ ಕಡೆ ಬರೆಯೋದು ಮಾತ್ರ ಮರೀಬೇಡಿ. ಅದನ್ನು ಬಿಟ್ಟರೆ ಎಲ್ಲ ವ್ಯಾಪಾರವೂ ಲಾಭದ್ದಾಗೇ ಕಾಣುತ್ತೆ.

ತಲುಪಿಸೋದು

ಮನೆಮನೆಗೆ ಕೊಡುವವರು ಗೂಗಲ್ ಮ್ಯಾಪ್ಸ್‌ನಲ್ಲಿ ‘ಆ್ಯಡ್ ಸ್ಟಾಪ್’ ಒತ್ತಿ ಒಂದೇ ಸುತ್ತಿಗೆ ಹಲವು ವಿಳಾಸ ಸೇರಿಸಬಹುದು. ಯಾವುದು ಮೊದಲು ಅಂತ ಅದು ತಾನಾಗಿ ಜೋಡಿಸೋಲ್ಲ, ನೀವೇ ಎಳೆದು ಹಿಂದೆ ಮುಂದೆ ಮಾಡಿ ದಾರಿ ಕಮ್ಮಿ ಬರೋ ಹಾಗೆ ನೋಡಿ. ಅರಿಸಿನ, ಬೆಲ್ಲ, ರಾಗಿ ಹಿಟ್ಟಿನಂಥ ಕೆಡದ ಮಾಲಿಗೆ ಸ್ಪೀಡ್ ಪೋಸ್ಟ್ ಇದೆ, ಕೆಎಸ್‌ಆರ್‌ಟಿಸಿಯ ‘ನಮ್ಮ ಕಾರ್ಗೊ’ ಇದೆ. ರಸೀದಿಯ ಟ್ರ್ಯಾಕಿಂಗ್ ನಂಬರನ್ನು ಅವತ್ತೇ ಶೀಟಿಗೆ ಹಾಕಿ, ಗ್ರಾಹಕರಿಗೂ ಕಳಿಸಿ. ಉಪ್ಪಿನಕಾಯಿ, ಮಾಲ್ಟ್ ಥರದ್ದು ತಯಾರಿಸಿ ಮಾರುವವರು ಮೊದಲು ಫೋಸ್ಕೋಸ್ ಪೋರ್ಟಲ್‌ನಲ್ಲಿ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿ.

ಸದ್ಯಕ್ಕೆ ಬೇಡವಾದದ್ದು

ಸ್ವಂತ ಆ್ಯಪ್ ಮಾಡಿಸೋಕೆ ನಾನು 15 ಸಾವಿರ ಮುಂಗಡ ಕೊಟ್ಟು ಕಳ್ಕೊಂಡಿದ್ದೀನಿ. ಅರ್ಧ ಆದ ಆ್ಯಪನ್ನು ಪರೀಕ್ಷೆಗೆ ಅಂತ ಗ್ರಾಹಕರಿಗೆ ಕಳಿಸಿದರೆ ಆರು ಜನ ಹಾಕಿಕೊಂಡರು. ನಾಲ್ಕು ಕಟ್ಟು ಸೊಪ್ಪಿಗಾಗಿ ಯಾರೂ ಹೊಸ ಆ್ಯಪ್ ಇಳಿಸಿಕೊಳ್ಳೋಲ್ಲ. ವೆಬ್‌ಸೈಟ್, ದುಡ್ಡು ಕೊಟ್ಟು ತಗೊಳ್ಳೋ ಬಿಲ್ಲಿಂಗ್ ಸಾಫ್ಟ್‌ವೇರ್ ಇವೂ ಅಷ್ಟೇ. ಶೀಟಿನಲ್ಲಿ ಲೆಕ್ಕ ನಿಭಾಯಿಸೋಕೆ ಆಗ್ತಿಲ್ಲ ಅನ್ನೋ ದಿನ ಬಂದಾಗ ಯೋಚಿಸೋಣ. ದರಪಟ್ಟಿಯ ಚಿತ್ರ ಮಾಡೋಕೆ ಕ್ಯಾನ್ವಾದ ಉಚಿತ ಆವೃತ್ತಿ ಸಾಕು, ಕನ್ನಡ ಅಕ್ಷರವೂ ಬರುತ್ತೆ. ಒಂದು ಮಾದರಿ ಮಾಡಿಟ್ಟುಕೊಂಡು ವಾರವಾರ ಬೆಲೆ ಬದಲಿಸಿ.

ಈ ಭಾನುವಾರ ಎಲ್ಲವನ್ನೂ ಶುರು ಮಾಡಬೇಕಿಲ್ಲ. ಮೊದಲು ಬ್ಯಾಕಪ್ ಹಾಕಿ. ಆಮೇಲೆ ನಿಮ್ಮ ಹೋದ ವಾರದ ಮಾರಾಟವನ್ನು, ಮಂಡಿ ಬೆಲೆ ಸಮೇತ, ಒಂದು ಶೀಟಿನಲ್ಲಿ ಬರೆದು ಕಳೆದು ನೋಡಿ. ಬಂದ ಉತ್ತರ ಹಿಡಿಸದೇ ಇರಬಹುದು, ನನಗೂ ಹಿಡಿಸಿರಲಿಲ್ಲ. ನಾನು ಇನ್ನೊಂದು ಕೆಲಸವನ್ನೂ ಮಾಡ್ತೀನಿ: ತಿಂಗಳಿಗೊಮ್ಮೆ ಗ್ರಾಹಕರ ಪಟ್ಟಿಯನ್ನು ಗುಬ್ಬಿಯ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ಅಮ್ಮನ ಕೈಗೆ ಕೊಡ್ತೀನಿ. ಅವರು ಅದನ್ನು ಪಹಣಿ, ಪಾಸ್‌ಬುಕ್ ಇಡೋ ಟ್ರಂಕಿನಲ್ಲೇ ಇಡ್ತಾರೆ.