ಹಗಲಿನ ಎಚ್ಚರ, ಇರುಳಿನ ಅರಿವು

ಹೋಟೆಲಿನ ಅಟ್ಟದ ಮೇಲೆ ಮಲಗಿ ಬಲ್ಲವರಿಗೆ ಈ ದೃಶ್ಯ ಹೊಸತಲ್ಲ. ನಡುರಾತ್ರಿ ಕಳೆದಿರುತ್ತದೆ, ಒಲೆ ಆರಿರುತ್ತದೆ. ಸಾಲಾಗಿ ಮಲಗಿದ ಹುಡುಗರಲ್ಲೊಬ್ಬನು ಥಟ್ಟನೆ "ಎರಡು ಇಡ್ಲಿ, ಒಂದು ವಡೆ!" ಎಂದು ಕೂಗುತ್ತಾನೆ. ಮಿಕ್ಕವರು ನಗುತ್ತಾರೆ. ಮುಲುಂಡಿನಲ್ಲಿ ನಾನು ಹೋಟೆಲು ನಡೆಸುತ್ತಿದ್ದಾಗ ಇಂತಹ ಒಬ್ಬ ಮಾಣಿಯನ್ನು ಬೆಳಿಗ್ಗೆ ವಿಚಾರಿಸಿದೆನು. "ನಗುವ ಮಾತಲ್ಲ, ಧಣಿ. ಹಗಲು ದುಡಿದದ್ದು ಸಾಲದೆಂದು ರಾತ್ರಿಯೂ ದುಡಿಯುತ್ತೇನೆ. ಅದಕ್ಕೆ ಸಂಬಳವೂ ಇಲ್ಲ" ಎಂದನು.

ಆ ಮಾತು ಮನಸ್ಸಿನಲ್ಲಿ ಉಳಿಯಿತು. ಮುಂದೆ ನನ್ನ ಗತಿಯೂ ಅದೇ ಆಯಿತು. ಹೋಟೆಲನ್ನು ಬಿಟ್ಟು ಪತ್ರಿಕೆಯ ಮೇಜಿಗೆ ಬಂದ ಮೇಲೂ ಕನಸಿನಲ್ಲಿ ನಾನು ಗಲ್ಲಾದಲ್ಲಿಯೇ ಕುಳಿತಿರುತ್ತಿದ್ದೆನು. ಎಷ್ಟು ಎಣಿಸಿದರೂ ಲೆಕ್ಕ ಕೂಡುತ್ತಿರಲಿಲ್ಲ.

ಕನಸು ಕಾಣುತ್ತಿರುವಾಗಲೇ ಅದು ಕನಸೆಂದು ತಿಳಿಯಲು ಸಾಧ್ಯವೆ? ಸಾಧ್ಯವೆಂಬುದಕ್ಕೆ ಪ್ರಯೋಗಶಾಲೆಯ ಸಾಕ್ಷ್ಯವುಂಟು. ನಿದ್ರೆಯಲ್ಲಿ ಕಣ್ಣುಗುಡ್ಡೆಗಳು ರೆಪ್ಪೆಯೊಳಗೆ ವೇಗವಾಗಿ ಚಲಿಸುವ ಅವಧಿಗಳುಂಟೆಂದು 1953ರಲ್ಲಿ ಶಿಕಾಗೋದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಎಂಬವರು ಪ್ರಕಟಿಸಿದರು. ಸ್ಫುಟವಾದ ಕನಸುಗಳು ಹೆಚ್ಚಾಗಿ ಬೀಳುವುದು ಆಗಲೇ. 1975ರಲ್ಲಿ ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದಲ್ಲಿ ಕೀತ್ ಹರ್ನ್ ಎಂಬವರು ಅಲನ್ ವರ್ಸ್ಲಿ ಎಂಬಾತನನ್ನು ಪರೀಕ್ಷಿಸಿದರು. ಇದು ಕನಸೆಂದು ಅರಿತೊಡನೆ ಆತನು ನಿದ್ರೆಯಲ್ಲಿದ್ದುಕೊಂಡೇ, ಮೊದಲು ಗೊತ್ತುಮಾಡಿದಂತೆ ಕಣ್ಣುಗಳನ್ನು ಎಡಕ್ಕೂ ಬಲಕ್ಕೂ ಹೊರಳಿಸಿ ಸಂಜ್ಞೆ ಕೊಟ್ಟನು. ಯಂತ್ರವು ಅದನ್ನು ದಾಖಲಿಸಿತು.

ನಮ್ಮ ನಾಡಿಗೂ ಈ ವಿಚಾರ ಹೊಸತಲ್ಲ. ಹನ್ನೆರಡೇ ಮಂತ್ರಗಳ ಮಾಂಡೂಕ್ಯೋಪನಿಷತ್ತು ಜಾಗ್ರತ್ ಮತ್ತು ಸ್ವಪ್ನಗಳೆರಡನ್ನೂ ಒಬ್ಬನೇ ಆತ್ಮನ ಅವಸ್ಥೆಗಳೆಂದು ಎಣಿಸಿದೆ. ಮೈಸೂರು ಜಿಲ್ಲೆಯ ಬೈಲಕುಪ್ಪೆಯಲ್ಲಿ 1960ರ ಸುಮಾರಿಗೆ ಬಂದು ನೆಲೆಸಿದ ಟಿಬೆಟನ್ನರ ಪರಂಪರೆಯಲ್ಲಿ ಸ್ವಪ್ನಯೋಗವೆಂಬ ಸಾಧನೆಯೇ ಉಂಟು. ಅದರ ಮೊದಲ ಪಾಠ ರಾತ್ರಿಯದಲ್ಲ, ಹಗಲಿನದು. ಕಂಡುದೆಲ್ಲವೂ ಕನಸಿನಂತೆ ಎಂದು ಭಾವಿಸುತ್ತ ನಡೆಯುವುದೇ ಆ ಪಾಠ. ಜರ್ಮನಿಯ ಮನಶ್ಶಾಸ್ತ್ರಜ್ಞ ಪಾಲ್ ಥೋಲಿಯವರೂ ಹಗಲಿನಲ್ಲಿ ಐದರಿಂದ ಹತ್ತು ಸಲ "ನಾನೀಗ ಎಚ್ಚರದಲ್ಲಿರುವೆನೆ, ಕನಸಿನಲ್ಲಿರುವೆನೆ?" ಎಂದು ವಿಮರ್ಶಿಸಿಕೊಳ್ಳಬೇಕೆಂದರು.

ಇದರ ಮರ್ಮ ಸರಳವಾದುದು. ಹಗಲಿನ ರೂಢಿಯೇ ರಾತ್ರಿ ಮರುಕಳಿಸುತ್ತದೆ. ಇಡ್ಲಿ ವಡೆಯ ಕೂಗು ಕನಸಿಗೆ ಬರುವುದಾದರೆ ಈ ಪ್ರಶ್ನೆಯೂ ಏಕೆ ಬರಬಾರದು?

ಮುಲುಂಡ್ ಸ್ಟೇಷನ್ನಿನಲ್ಲಿ ಲೋಕಲಿಗೆ ಕಾಯುವಾಗ ಹೆಸರಿನ ಫಲಕವನ್ನು ಓದಿರಿ. ಮುಖ ತಿರುಗಿಸಿ ಮತ್ತೊಮ್ಮೆ ಓದಿರಿ. ಎಚ್ಚರದಲ್ಲಿ ಮುಲುಂಡ್ ಮುಲುಂಡಾಗಿಯೇ ಇರುವುದು. ಕನಸಿನಲ್ಲಾದರೆ ಅಕ್ಷರಗಳು ಅನೇಕ ವೇಳೆ ಬದಲಾಗಿಬಿಡುತ್ತವೆ. ಮಾಣಿಗೆ ಬಿಲ್ಲು, ಗುಮಾಸ್ತನಿಗೆ ಲೆಕ್ಕದ ಪುಸ್ತಕವು ಇದೇ ಕೆಲಸಕ್ಕೆ ಆಗುತ್ತದೆ. ಆಮೇಲೆ "ನಾನು ಇಲ್ಲಿಗೆ ಹೇಗೆ ಬಂದೆನು?" ಎಂದು ನೆನೆಯಿರಿ. ಆದರೆ ಒಂದು ಮಾತು: ಗಿಣಿಪಾಠದಂತೆ ಕೇಳಿದವನು ಕನಸಿನಲ್ಲಿಯೂ ಗಿಣಿಪಾಠದಂತೆ "ಎಚ್ಚರವೇ" ಎಂದು ಉತ್ತರಿಸಿ ಮುಂದೆ ಸಾಗುವನು. ನಿಜವಾಗಿ ಸಂಶಯಪಟ್ಟು ನೋಡಬೇಕು.

ಇಷ್ಟರಿಂದಲೇ ಫಲ ಸಿದ್ಧವೆಂದು ನಾನು ಹೇಳಲಾರೆ. ಆಸ್ಟ್ರೇಲಿಯಾದ ಅಡಿಲೇಡಿನ ಡೆನ್‌ಹಾಮ್ ಆಸ್ಪಿಯವರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಗಲಿನ ಪರೀಕ್ಷೆಯೊಂದಿಗೆ ಇನ್ನೆರಡು ಕ್ರಮಗಳನ್ನು ಕೂಡಿಸಿದವರಿಗೆ ದೊರೆತ ಸಾಫಲ್ಯ ಶೇಕಡಾ 17ರಷ್ಟು. ಐದು ಗಂಟೆ ನಿದ್ರೆಯಾದ ಮೇಲೆ ಎದ್ದು ಮತ್ತೆ ಮಲಗುವುದು ಒಂದು ಕ್ರಮ. "ಮುಂದಿನ ಕನಸನ್ನು ಕನಸೆಂದು ಗುರುತಿಸುವೆನು" ಎಂದು ಸಂಕಲ್ಪಿಸಿಕೊಳ್ಳುವುದು ಇನ್ನೊಂದು.

ಕನಸಿನ ಅವಧಿಗಳು ದೀರ್ಘವಾಗುವುದು ಬೆಳಗಿನ ಜಾವದಲ್ಲಿ. ನಾಲ್ಕು ಗಂಟೆಗೆ ಒಲೆ ಹಚ್ಚುವವನಿಗೆ ತಪ್ಪಿಹೋಗುವುದೂ ಅದೇ ಹೊತ್ತು. ಆದುದರಿಂದ ನಮ್ಮವರು ರಜೆಯ ದಿನವೇ ಇದನ್ನು ಮಾಡಿ ನೋಡುವುದು ಲೇಸು. ಇರುವ ನಿದ್ರೆಯನ್ನು ಕೆಡಿಸಿಕೊಳ್ಳಬಾರದು. ಮನೋರೋಗಕ್ಕೆ ಔಷಧ ಸೇವಿಸುವವರು ವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕಲೇಬಾರದು.

ನನಗೆ ಮೂರು ತಿಂಗಳು ಹಿಡಿಯಿತು. ಒಂದು ರಾತ್ರಿ ಎಂದಿನಂತೆ ಗಲ್ಲಾದಲ್ಲಿದ್ದೆನು. ಬಿಲ್ಲಿನ ಮೊತ್ತವನ್ನು ಎರಡನೆಯ ಸಲ ನೋಡಿದಾಗ ಅಂಕಿ ಬೇರೆಯಾಗಿತ್ತು. ಓಹೋ, ಇದು ಕನಸು! ಎಣಿಸುವುದನ್ನು ಬಿಟ್ಟೆನು, ಗಲ್ಲಾ ಮುಚ್ಚಿ ಬಾಗಿಲಿನಿಂದ ಹೊರಗೆ ನಡೆದೆನು. ಆಮೇಲೆ ಆ ಕನಸು ಅಪರೂಪವಾಯಿತು.

ಆ ಮಾಣಿ ಈಗ ಎಲ್ಲಿರುವನೋ ತಿಳಿಯದು. ಸಂಬಳವಿಲ್ಲದ ಆ ರಾತ್ರಿಯ ದುಡಿಮೆಯಿಂದ ನಮ್ಮ ವಾಚಕರಲ್ಲಿ ಒಬ್ಬಿಬ್ಬರಿಗಾದರೂ ಬಿಡುಗಡೆ ದೊರೆತರೆ ಈ ಬರಹ ಸಾರ್ಥಕ.